ಎರಡು ಸೆಟ್ಟು ಬ್ಯಾಟರಿ, ಒಬ್ಬರೇ ಸಾರ್

ಕರೆಂಟಿಲ್ಲದ ಕಡೆ ಮನೆ ಕಟ್ಟಿಕೊಂಡವರು ಕತ್ತಲೆಗೆ ಹೆದರಬೇಕಾಗಿಲ್ಲ. ಬೆಳಕಿನ ಉಸ್ತುವಾರಿಗೆ ಬರುವ ಜನರಿಗೆ ಹೆದರಬೇಕು. ನಮ್ಮ ಲೇಔಟಿನಲ್ಲಿ ಅಂಥವರ ಫಜೀತಿ ನಡೆಯದ ವಾರವಿಲ್ಲ.

ಲೇಔಟು ಇರುವುದು ತೆಲುಗು ಸೀಮೆಯ ದೊಡ್ಡ ನಗರದಲ್ಲಿ, ದಿಲ್‌ಸುಖ್‌ನಗರ ದಾಟಿ, ಇನ್ನೂ ದಾಟಿ, ಆಟೋದವನು ‘ಇನ್ನು ಮುಂದೆ ಬರಲ್ಲ’ ಅಂತ ಇಳಿಸುವ ಜಾಗಕ್ಕಿಂತಲೂ ಆಚೆ. ಪ್ಲಾಟು ಮಾರಿದವನು ಮುಂದಿನ ತಿಂಗಳು ಕರೆಂಟು ಬರುತ್ತದೆ ಅಂದಿದ್ದ. ಯಾವ ವರ್ಷದ ಮುಂದಿನ ತಿಂಗಳು ಅಂತ ನಾವು ಕೇಳಲಿಲ್ಲ. ಕೊನೆಗೆ ಆರು ಮನೆಯವರು ಸೇರಿ ಸೋಲಾರ್ ಹಾಕಿಸಿದೆವು. ಬೋರ್‌ವೆಲ್ಲಿನ ಶೆಡ್ಡಿನಲ್ಲಿ ಎರಡು ಸೆಟ್ಟು ಬ್ಯಾಟರಿ. ಒಂದನೆಯದು ಹಳೆಯದು, ಎರಡನೆಯದು ಹೊಸದು. ಗೋಡೆಯ ಮೇಲೆ ಒಂದು ಹಿಡಿಕೆ. ಅದಕ್ಕೆ ಒಂದು, ಸೊನ್ನೆ, ಎರಡು ಅಂತ ಮೂರು ಜಾಗ. ಸೊನ್ನೆಯಲ್ಲಿ ಎರಡೂ ಬಂದ್. ಹಿಡಿಕೆ ಯಾವ ಕಡೆಗಿದೆಯೋ ಆ ಸೆಟ್ಟು ಮಾತ್ರ ದುಡಿಯುತ್ತದೆ, ಅದೇ ಚಾರ್ಜ್ ಆಗುತ್ತದೆ. ಇನ್ನೊಂದು ಸುಮ್ಮನೆ ಕೂತರೂ ಇಳಿಯುತ್ತಾ ಹೋಗುತ್ತದೆ. ಅದಕ್ಕೇ ದಿನ ಬಿಟ್ಟು ದಿನ ಬದಲಿಸಬೇಕು. ಮೊದಲು ಮೋಟರ್ ಬಂದ್, ಆಮೇಲೆ ಇನ್ವರ್ಟರ್ ಬಂದ್, ಆಮೇಲೆ ಹಿಡಿಕೆ. ಇಷ್ಟೇ. ಬ್ಯಾಟರಿ ಬದುಕಿದ್ದರೆ ಮನೆಮನೆಗೆ ನೀರು. ಸತ್ತರೆ ಟ್ಯಾಂಕರಿನ ಮುಂದೆ ಕೊಡ ಹಿಡಿದು ಸಾಲು.

ನಾವು ಬೀದರ್ ಕಡೆಯವರು. ಒಂದು ರಕ್ಷಣಾ ಕಾರ್ಖಾನೆಯ ಬ್ಯಾಟರಿ ರೂಮಿನಲ್ಲಿ ಕೆಲಸ ಮಾಡಿಯೇ ನಾನು ನಿವೃತ್ತಳಾದವಳು. ನಮ್ಮ ಯಜಮಾನರು ಅಲ್ಲೇ ಲೆಕ್ಕಪತ್ರದ ವಿಭಾಗದಲ್ಲಿದ್ದರು. ಟಾರ್ಚಿಗೆ ಸೆಲ್ಲು ತಿರುಗಾಮುರುಗಾ ಹಾಕಿ, ಕೆಟ್ಟ ಮಾಲು ಅಂತ ಅಂಗಡಿಗೆ ವಾಪಸ್ಸು ಕೊಟ್ಟು ಬಂದ ಮನುಷ್ಯ. ಆದರೂ ಬ್ಯಾಟರಿಯ ವಿಷಯಕ್ಕೆ ಯಾರೇ ಬರಲಿ, ಬಾಗಿಲು ತೆರೆದ ನನ್ನ ಹೆಗಲ ಮೇಲಿಂದ ಒಳಗೆ ಇಣುಕಿ ಕೇಳುವುದು ಒಂದೇ ಮಾತು: “ಸಾರ್ ಇದ್ದಾರಾ?”

ಅವರೆಲ್ಲ ಮಾತಾಡಿದ್ದು ತೆಲುಗು, ಹಿಂದಿಯಲ್ಲಿ. ನನಗೆ ಸಿಟ್ಟು ಬರುವುದು ಕನ್ನಡದಲ್ಲಾದ್ದರಿಂದ ಕನ್ನಡದಲ್ಲೇ ಬರೆಯುತ್ತೇನೆ.

ಹಬ್ಬಕ್ಕೆ ಇರಲಿ

ನಾನು ಕೆಲವು ದಿನ ಊರಿಗೆ ಹೋಗಿದ್ದೆ. ಆಗ ಹಿಡಿಕೆಯ ಜವಾಬ್ದಾರಿ ನಮ್ಮ ಸಂಘದ ಅಧ್ಯಕ್ಷರದ್ದು. ಬಂದು ನೋಡಿದರೆ ಹಳೇ ಸೆಟ್ಟು ಏದುಸಿರು ಬಿಡುತ್ತಿದೆ. ಹೊಸ ಸೆಟ್ಟಿನ ಮೇಲೆ ಹೂವಿನ ಚಿತ್ರದ ಬೆಡ್‌ಶೀಟು ಹೊದಿಸಿ, ಕುಂಕುಮ ಹಚ್ಚಿ, ನಿಂಬೆಹಣ್ಣು ಇಟ್ಟಿದ್ದಾರೆ.

“ಹೊಸದನ್ನ ದಿನಾ ಬಳಸಿ ಯಾಕಮ್ಮಾ ಹಾಳು ಮಾಡೋದು? ದಸರಾಕ್ಕೆ ಅಳಿಯ ಮಗಳು ಬರ್ತಾರೆ, ಆಗ ತೆಗೆಯೋಣ” ಅಂದರು.

ಇವರ ಮನೆಯ ಸೋಫಾಕ್ಕೆ ಅಂಗಡಿಯ ಪ್ಲಾಸ್ಟಿಕ್ಕು ಇನ್ನೂ ಹಾಗೇ ಇದೆ. ನಾನು ಮೊದಲೇ ಊಹಿಸಬೇಕಿತ್ತು. ಸುಮ್ಮನೆ ಕೂರಿಸಿದರೇ ಬ್ಯಾಟರಿ ಹಾಳಾಗುವುದು ಅಂತ ಗಂಟಲು ಒಣಗುವ ತನಕ ಹೇಳಿದೆ. ಎಲ್ಲ ಕೇಳಿಸಿಕೊಂಡು, “ಸರಿ, ಸಾರ್ ಬರಲಿ, ಕೇಳೋಣ” ಅಂದರು.

ಸಾರ್ ಬಂದರು. “ನಮ್ಮಾಕಿ ಹೇಳಿದ್ದು ಖರೇ ಐತ್ರಿ” ಅಂದರು. ಅಧ್ಯಕ್ಷರು ಕೈ ಮುಗಿದು, “ಸಾರ್ ಹೇಳಿದ ಮೇಲೆ ಮುಗೀತು” ಅಂತ ಬೆಡ್‌ಶೀಟು ತೆಗೆದರು. ನಿಂಬೆಹಣ್ಣು ಮಾತ್ರ ತಾಜಾ ಇತ್ತು. ಅದನ್ನ ಅವರು ತಪ್ಪದೆ ದಿನ ಬಿಟ್ಟು ದಿನ ಬದಲಿಸುತ್ತಿದ್ದರಂತೆ.

ಭಾನುವಾರದ ರಜೆ

ಒಂದು ಭಾನುವಾರ ಬೆಳಿಗ್ಗೆ ಚಟ್ನಿ ಅರ್ಧ ತಿರುಗುವಾಗ ಎಲ್ಲ ಮನೆಯ ಮಿಕ್ಸಿಗಳೂ ಒಟ್ಟಿಗೆ ನಿಂತವು. ಶೆಡ್ಡಿಗೆ ಓಡಿದೆ. ಹಿಡಿಕೆ ಸೊನ್ನೆಯ ಮೇಲಿದೆ. ಪಕ್ಕದಲ್ಲೇ ಮೂಲೆಮನೆಯ ನಿವೃತ್ತ ಮೇಷ್ಟ್ರು ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದಾರೆ. ಹಿಡಿಕೆಗೆ ಸರದಿ ಹಾಕಿಕೊಂಡಿದ್ದೆವು, ಆ ದಿನ ಅವರದ್ದು.

“ವಾರವಿಡೀ ಎರಡೂ ದುಡಿದಿವೆ. ಇವತ್ತೊಂದು ದಿನ ರಜೆ ಕೊಟ್ಟೆ” ಅಂದರು.

ಆ ಕಡೆ ಅವರ ಮನೆಯಾಕೆ ಕರೆಂಟ್ ಆಫೀಸಿಗೆ ಫೋನು ಮಾಡಿ ದೂರು ಕೊಟ್ಟಿದ್ದರು. ನಮ್ಮಲ್ಲಿ ತಂತಿ ಹಾಗಿರಲಿ, ಕಂಬವೂ ಇಲ್ಲ. ಅಲ್ಲಿದ್ದ ಪುಣ್ಯಾತ್ಮ ಯಾವ ಏರಿಯಾ ಅಂತಲೂ ಕೇಳದೆ, “ಲೈನ್ ರಿಪೇರಿ ನಡೀತಿದೆ, ಇನ್ನೇನು ಬರುತ್ತೆ” ಅಂದನಂತೆ. ನಾನು ಹಿಡಿಕೆ ತಿರುಗಿಸಿದೆ. ಮಿಕ್ಸಿಗಳು ಗುರ್ ಅಂದವು. ಆಕೆ ಬಾಗಿಲಲ್ಲಿ ನಿಂತು ನನಗೇ ಬುದ್ಧಿ ಹೇಳಿದರು: “ನೋಡಿ, ನೀವು ಸುಮ್ಮನೆ ಓಡಾಡ್ತೀರಿ. ಒಂದು ಫೋನ್ ಮಾಡಿದರೆ ಎಷ್ಟು ಬೇಗ ಆಯ್ತು.”

ಮೆಕ್ಯಾನಿಕ್ ಮತ್ತು ದುಭಾಷಿ

ಬ್ಯಾಟರಿ ನೋಡಲು ಕೋಠಿ ಬಜಾರಿನಿಂದ ಒಬ್ಬ ಮೆಕ್ಯಾನಿಕ್ ಬಂದ. ಪ್ರಶ್ನೆ ನಾನು ಕೇಳಿದರೆ ಉತ್ತರ ಯಜಮಾನರಿಗೆ. ಆಸಿಡ್ ಎಷ್ಟು ಗಟ್ಟಿ ಇದೆ ಅಂತ ನಾನು ಕೇಳಿದೆ. ಅವನು ಅವರ ಕಡೆ ತಿರುಗಿ, “ಸಾಬ್, ಎಲ್ಲಾ ಸರಿ ಇದೆ” ಅಂದ.

ಯಜಮಾನರು ನನ್ನ ಕಿವಿಯಲ್ಲಿ, “ಏನ್ ಕೇಳ್ಲಿ?” ಅಂದರು.

“ಒಂದೊಂದೂ ಸೆಲ್ ಬ್ಯಾರೆ ಬ್ಯಾರೆ ನೋಡಿದ್ಯೇನಂತ ಕೇಳ್ರಿ. ಅಂವ ಒಂದs ನೋಡ್ಯಾನ.”

ಅವರು ಅದನ್ನೇ ಹಿಂದಿಗೆ ಇಳಿಸಿದರು. ಮೆಕ್ಯಾನಿಕ್ ಬೆವರಿದ. ಹೀಗೇ ನಾನು ಕನ್ನಡದಲ್ಲಿ ಹೇಳುವುದು, ಅವರು ಹಿಂದಿಯಲ್ಲಿ ಕೇಳುವುದು. ಕೊನೆಗೆ ಅವನು ಹೊರಡುವಾಗ ಅವರ ಕೈ ಹಿಡಿದುಕೊಂಡು, “ಇಷ್ಟು ತಿಳಿದ ಗಿರಾಕಿಯನ್ನ ನಾನು ನೋಡಿಲ್ಲ ಸಾಬ್” ಅಂದ. ಆಮೇಲೆ ನನ್ನ ಕಡೆ ಕನಿಕರದಿಂದ ನೋಡಿದ. “ಪಾಪ, ಮೇಡಂಗೆ ಬೇಜಾರಾಗಿರಬೇಕು. ಒಳಗೆ ಟೀವಿಯಾದರೂ ನೋಡಬಹುದಿತ್ತು.”

ತಿಳಿದವರನ್ನು ಕೇಳೋಣ

ಆ ಮೆಕ್ಯಾನಿಕ್ ಹೋಗುವ ದಾರಿಯಲ್ಲಿ ಅಧ್ಯಕ್ಷರ ಕಿವಿ ಕಚ್ಚಿ ಹೋಗಿದ್ದ: ಎರಡೂ ಸೆಟ್ಟು ಸೇರಿಸಿ ಒಂದೇ ಮಾಡಿಬಿಡಿ, ಹಿಡಿಕೆಯ ಗೋಳೇ ಇರಲ್ಲ. ಅದನ್ನು ಒಪ್ಪಿಕೊಳ್ಳಲು ಭಾನುವಾರ ಮೀಟಿಂಗ್ ಅಂತಾಯಿತು. ಹಳೆಯದನ್ನು ಹೊಸದಕ್ಕೆ ಕಟ್ಟಿದರೆ ಬೇಸಿಗೆಗೆ ಮುಂಚೆಯೇ ಎರಡೂ ಸಾಯುತ್ತವೆ ಅಂತ ನಾನು ಮನೆಮನೆಗೆ ಹೋಗಿ ಹೇಳಿದೆ. ಎಲ್ಲರೂ ಚಹಾ ಕೊಟ್ಟರು, ಸಾರ್ ಏನಂತಾರೆ ಅಂತ ಕೇಳಿದರು. ನನಗೆ ಮೈಯೆಲ್ಲ ಉರಿಯಿತು.

“ನೀವs ಅಲ್ಲೇನ್ರಿ ಸಾರ್, ನೀವs ನಡಸ್ರಿ” ಅಂತ ಯಜಮಾನರಿಗೆ ಹೇಳಿ ದಿಲ್‌ಸುಖ್‌ನಗರಕ್ಕೆ, ತಂಗಿಯ ಮನೆಗೆ ಹೊರಟುಬಿಟ್ಟೆ.

ಮರುದಿನ ಬೆಳಿಗ್ಗೆಯೇ ಯಜಮಾನರ ಫೋನು. ಮೋಟರ್ ಓಡುತ್ತಿರುವಾಗಲೇ ಸಾರ್ ಹಿಡಿಕೆ ತಿರುಗಿಸಿದ್ದಾರೆ. ಫಟ್ ಅಂತ ಕಿಡಿ ಹಾರಿದೆ. ಹಿಡಿಕೆ ಸೊನ್ನೆಯ ಹತ್ತಿರ, ಸಾರ್ ರಸ್ತೆಯ ಹತ್ತಿರ. ನೀರು ನಿಂತು ಜನವೆಲ್ಲ ಕೊಡ ಹಿಡಿದು ಬಂದಿದ್ದಾರೆ. ಇಷ್ಟು ಹೇಳಿದವರೇ, ಈ ಕಡೆ ಯಾರು ಅಂತಲೂ ಹೇಳದೆ ಫೋನನ್ನು ಅಧ್ಯಕ್ಷರ ಕೈಗೆ ಕೊಟ್ಟುಬಿಟ್ಟರು. ನಾನು ಬ್ಯಾಟರಿ ರೂಮಿನ ಗಡಸು ಹಿಂದಿಯಲ್ಲಿ ಶುರು ಮಾಡಿದೆ: ಯಾರೂ ಹಿಡಿಕೆ ಮುಟ್ಟಬೇಡಿ, ಮೋಟರ್ ಬಂದ್ ಮಾಡಿ, ಇನ್ವರ್ಟರ್ ಬಂದ್ ಮಾಡಿ, ಈಗ ತಿರುಗಿಸಿ, ಇನ್ನು ಎರಡನ್ನೂ ಚಾಲೂ ಮಾಡಿ. ಅಧ್ಯಕ್ಷರು ಪ್ರತಿ ಮಾತಿಗೂ “ಜೀ ಮೇಡಂ, ಜೀ ಮೇಡಂ” ಅಂದರು. ನೀರು ಬಂತು. ಫೋನು ಇಟ್ಟರು. ಮಾತಾಡಿದ್ದು ಯಾರು ಅಂತ ಒಬ್ಬರೂ ಕೇಳಲಿಲ್ಲ.

ಭಾನುವಾರ ಮೀಟಿಂಗಿಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಸೆಟ್ಟು ಸೇರಿಸುವ ಮಾತು ಬಂದಾಗ ಎದ್ದು ನಿಂತೆ. “ಕೂತ್ಕೊಳ್ಳಿ ಅಮ್ಮಾ, ತಿಳಿದವರನ್ನ ಕೇಳೋಣ” ಅಂತ ಅಧ್ಯಕ್ಷರು ಯಜಮಾನರ ಕಡೆ ನೋಡಿದರು.

ಕಿಡಿಯ ಹೆದರಿಕೆ ಇನ್ನೂ ಇಳಿಯದ ಯಜಮಾನರು, “ನನಗೇನೂ ಗೊತ್ತಿಲ್ರಿ” ಅಂದರು.

“ಎಷ್ಟು ವಿನಯ ನೋಡಿ” ಅಂತ ಮೇಷ್ಟ್ರು ತಲೆದೂಗಿದರು.

ಅಧ್ಯಕ್ಷರಿಗೆ ಆಗ ನೆನಪಾಯಿತು. “ಸಾರ್, ಅವತ್ತು ಫೋನಿನಲ್ಲಿ ಒಬ್ಬ ಕಂಪನಿ ಮೇಡಂ ಮಾತಾಡಿದರಲ್ಲ, ಎಂಥಾ ತಿಳಿವಳಿಕೆ. ಅವರ ನಂಬರ್ ಕೊಡಿ. ಅವರು ಏನು ಹೇಳ್ತಾರೋ ಅದೇ ಕೊನೆ.”

ಯಜಮಾನರು ಒಮ್ಮೆ ನನ್ನ ಮುಖ ನೋಡಿದರು. ಆಮೇಲೆ ನನ್ನ ನಂಬರನ್ನು ನಿಧಾನವಾಗಿ, ಎಲ್ಲರಿಗೂ ಕೇಳುವಂತೆ ಹೇಳಿದರು. ಇಷ್ಟು ವರ್ಷದಲ್ಲಿ ಅದನ್ನು ಒಬ್ಬರೂ ಬರೆದುಕೊಂಡಿರಲಿಲ್ಲ. ಅಧ್ಯಕ್ಷರು ಸ್ಪೀಕರ್ ಹಾಕಿ ಫೋನು ಹಚ್ಚಿದರು. ನನ್ನ ಮಡಿಲಲ್ಲಿದ್ದ ಫೋನು ಹೊಡೆದುಕೊಂಡಿತು.

ಎತ್ತಿದೆ. ಅದೇ ಗಡಸು ಹಿಂದಿಯಲ್ಲಿ, “ಎರಡೂ ಸೆಟ್ಟು ಸೇರಿಸಬೇಡಿ. ಹಳೇದು ಹೊಸದನ್ನೂ ಎಳೆದು ಹಾಕುತ್ತೆ, ನಿಮಗೆ ಬೇಸಿಗೆಗೆ ನೀರಿರಲ್ಲ” ಅಂದೆ. ನನ್ನ ಮಾತು ನನ್ನ ಬಾಯಿಂದಲೂ ಬಂತು, ಅಧ್ಯಕ್ಷರ ಕೈಯಿಂದಲೂ ಬಂತು. ಎಲ್ಲರೂ ಆ ಫೋನಿನ ಕಡೆ ಬಾಗಿ ತಲೆಯಾಡಿಸಿದರು. ಸೇರಿಸೋದು ಬೇಡ ಅಂತ ಅಲ್ಲೇ ತೀರ್ಮಾನವಾಯಿತು.

“ಹಿಡಿಕೆ ಕೂಡ ಇನ್ನು ಮೇಲೆ…” ಅಂತ ನಾನು ಮುಂದುವರಿಸಿದೆ.

ಅಧ್ಯಕ್ಷರು ಫೋನಿನ ಮೇಲೆ ಕೈ ಮುಚ್ಚಿ, ನನ್ನ ಕಡೆ ತಿರುಗಿ, ಹುಬ್ಬು ಗಂಟಿಕ್ಕಿದರು.

“ಅಮ್ಮಾ, ಸ್ವಲ್ಪ ಸುಮ್ಮನಿರಿ. ಮೇಡಂ ಮಾತಾಡ್ತಿದ್ದಾರೆ.”