ಪುಟ ತುಂಬಿಸುವವಳ ಪಾಡು

ಖಾಲಿ ಜಾಗ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಇದು ಮನೆಯಿಂದ ಬಂದ ಗುಣವಿರಬೇಕು. ಚಿನಕುರಳಿಯ ನಮ್ಮ ಮನೆಯ ಗೋಡೆ ಯಾವ ಬಣ್ಣದ್ದೆಂದು ಹೇಳುವುದು ಕಷ್ಟ. ಕ್ಯಾಲೆಂಡರುಗಳು, ದೇವರ ಪಟಗಳು, ಅಣ್ಣ ಕಬಡ್ಡಿ ಕಪ್ಪು ಹಿಡಿದು ನಿಂತ ಫೋಟೋ, ಯಾರದೋ ಮದುವೆಯ ನೆನಪಿಗೆ ಬಂದು ಎಂದೋ ನಿಂತುಹೋದ ಗಡಿಯಾರ, ಎಲ್ಲ ಒಂದನ್ನೊಂದು ತಳ್ಳಿಕೊಂಡು ನೇತಾಡುತ್ತಿವೆ. ಅಪ್ಪನೋ, ಹೊಲದ ಬದುವನ್ನೂ ಬಿಡದೆ ತೊಗರಿ ಹಾಕುವವರು. ಇಂಥ ಮನೆಯಲ್ಲಿ ಬೆಳೆದವಳ ಕೈಗೆ ಬಿಳಿಯ ಪುಟ ಕೊಟ್ಟರೆ ಏನಾಗಬೇಕೋ ಅದೇ ಆಯಿತು.

ನಾನು ಪಾಂಡವಪುರದಲ್ಲಿ ಬಿ.ಎ. ಓದುತ್ತಿದ್ದೇನೆ, ಪತ್ರಿಕೋದ್ಯಮವೂ ಒಂದು ವಿಷಯ. ಕಾಲೇಜಿನ ವಾರ್ಷಿಕ ಸಂಚಿಕೆಯ ಪುಟವಿನ್ಯಾಸ ಯಾರು ಮಾಡುತ್ತೀರಿ ಎಂದು ನಮ್ಮ ಮೇಡಂ ಕೇಳಿದಾಗ ನಾನು ಕೈ ಎತ್ತಿದೆ. ಆ ಧೈರ್ಯಕ್ಕೆ ಕಾರಣವಿತ್ತು. ಕೆ.ಆರ್. ಪೇಟೆಯಲ್ಲಿ ನನ್ನ ಸೋದರಮಾವನ ಫ್ಲೆಕ್ಸ್ ಅಂಗಡಿಯಿದೆ. ರಜೆಯಲ್ಲೆಲ್ಲ ಅಲ್ಲಿ ಕೂತು ಹುಟ್ಟುಹಬ್ಬದ ಬ್ಯಾನರುಗಳಿಗೆ ತಲೆಗಳನ್ನು ಜೋಡಿಸಿ ಪಳಗಿದವಳು ನಾನು. "ಜಾಗ ಖಾಲಿ ಬುಟ್ರೆ ಗಿರಾಕಿ ಮಕ ಸಿಂಡರಿಸ್ತಾನೆ ಕಣವ್ವ. ಏನೂ ತೋಚ್ದಿದ್ರೆ ಒಂದು ಸಿಂಹ ಆಕ್ಬುಡು" ಎನ್ನುವುದು ಮಾವ ನನಗೆ ಕಲಿಸಿದ ವಿದ್ಯೆಯ ಸಾರ. ವಿನ್ಯಾಸಕ್ಕೆ ಸಂಬಂಧಿಸಿ ನಮ್ಮ ಮನೆಯಲ್ಲಿ ಬೇರೆ ತಿಳಿವಳಿಕೆ ಇರಲಿಲ್ಲ. ಕಾಲೇಜಿನಲ್ಲಿ ಲೇಔಟ್ ಮಾಡುತ್ತಿದ್ದೇನೆ ಎಂದು ಅಪ್ಪನಿಗೆ ಹೇಳಿದರೆ ಅವರು ಗಂಭೀರವಾಗಿ, "ಯಾವ ಕಡೆ ಬತ್ತದವ್ವ ಅದು? ರೋಡಿಗೆ ಅತ್ರನಾ?" ಎಂದು ಸೈಟಿನ ವಿಚಾರಣೆಗೆ ಕೂತರು.

ಸಂಚಿಕೆಯ ಪುಟಗಳನ್ನು ನಾನು ಮಾವನ ಶಾಸ್ತ್ರಪ್ರಕಾರವೇ ಮಾಡಿದೆ. ಪ್ರತಿ ಪುಟಕ್ಕೂ ಹೂಬಳ್ಳಿಯ ಅಂಚು, ಪ್ರತಿ ಶೀರ್ಷಿಕೆಗೂ ಬೇರೆ ಬೇರೆ ಅಕ್ಷರ, ಅಕ್ಷರದ ಹಿಂದೆ ನೆರಳು, ನೆರಳಿಗೂ ಬಣ್ಣ. ಪ್ರಾಂಶುಪಾಲರ ಸಂದೇಶದ ಪುಟದಲ್ಲಿ ಅವರ ತಲೆಯ ಹಿಂದೆ ಹೊಂಬಣ್ಣದ ಪ್ರಭೆ ಮೂಡಿಸಿದೆ. ಬರೆಯುವುದಕ್ಕೆ ನನಗೂ ಬರುತ್ತದೆಂದು ತೋರಿಸಲು ನನ್ನದೇ ಒಂದು ಕವನಕ್ಕೆ ಇಡೀ ಪುಟ ಕೊಟ್ಟುಕೊಂಡು, ಸುತ್ತ ನವಿಲುಗಳನ್ನು ನಿಲ್ಲಿಸಿದೆ.

ಆ ಸಂಚಿಕೆಗೆ ನನ್ನ ಗೆಳತಿ ಭಾಗ್ಯ ಒಂದು ಲೇಖನ ಬರೆದಿದ್ದಳು. ಅವಳು ನಾಗಮಂಗಲದ ಕಡೆಯವಳು, ದೇವಲಾಪುರದ ಹತ್ತಿರದ ಹಳ್ಳಿ. ಇಲ್ಲಿ ಹಾಸ್ಟೆಲಿನಲ್ಲಿದ್ದು ವಾರಕ್ಕೊಮ್ಮೆ ಊರಿಗೆ ಹೋಗುತ್ತಾಳೆ. ಮಗಳನ್ನು ಬಸ್ಸಿಗೆ ಬಿಡಲು ಯಾರನ್ನೂ ಕಾಯುವಂತಾಗಬಾರದೆಂದು ಅವಳ ತಾಯಿ ಗೌರಮ್ಮ ನಡುವಯಸ್ಸಿನಲ್ಲಿ ಮೊಪೆಡ್ ಕಲಿತ ಕತೆ ಅದು. ಮೊಪೆಡ್ ಮೇಲೆ ಹಾಲಿನ ಕ್ಯಾನು ಇಟ್ಟುಕೊಂಡು, ಸೆರಗು ಸೊಂಟಕ್ಕೆ ಸಿಗಿಸಿ ನಗುತ್ತಿರುವ ಆಕೆಯ ಫೋಟೋವೂ ಇತ್ತು. ಆ ಮನೆಯವರ ಹೆಸರು ಅಚ್ಚಾಗುತ್ತಿದ್ದುದು ಅದೇ ಮೊದಲು. ಫೋಟೋ ಚೆನ್ನಾಗಿತ್ತು, ಲೇಖನವೂ ಚೆನ್ನಾಗಿತ್ತು, ಜಾಗ ಒಂದೇ ಪುಟ. ಹಾಗಾಗಿ ಫೋಟೋವನ್ನು ಪುಟದ ತುಂಬ ಹಿಗ್ಗಿಸಿ, ಲೇಖನವನ್ನು ಅದರ ಮೇಲೆಯೇ ಹಳದಿ ಅಕ್ಷರದಲ್ಲಿ ಹರಡಿದೆ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ.

ತಪ್ಪು ನೋಡಲೆಂದು ಮುದ್ರಣಾಲಯದಿಂದ ಪರೀಕ್ಷಾ ಪ್ರತಿ ಬಂದಾಗ ಭಾಗ್ಯ ಕಾಯಲಾರದೆ ಅದನ್ನು ಊರಿಗೆ ಒಯ್ದಳು. ಜೊತೆಗೆ ನನ್ನನ್ನೂ ಊಟಕ್ಕೆ ಕರೆದಳು. ಗೌರಮ್ಮ ಕೈ ಒರೆಸಿಕೊಂಡು ಬಂದು ಪುಸ್ತಕ ತೆಗೆದುಕೊಂಡರು. ಹತ್ತಿರ ಹಿಡಿದರು, ದೂರ ಹಿಡಿದರು, ಬಾಗಿಲ ಬೆಳಕಿಗೆ ಹೋಗಿ ಓರೆ ಮಾಡಿ ನೋಡಿದರು. ಆಮೇಲೆ ಬಹಳ ಮೃದುವಾಗಿ, "ಚೆಂದಾಗದೆ ಕಣವ್ವ. ನನ್ನ ಮಕದ್ ಮ್ಯಾಲೆ ಇರುವೆ ಅರಿದಂಗದೆ, ಅಷ್ಟೆಯ" ಎಂದರು. ಭಾಗ್ಯ ಪುಸ್ತಕ ಇಸಿದುಕೊಂಡು ತಾನೇ ಓದಲು ಹೋದಳು. ಎರಡನೇ ಸಾಲಿಗೇ ತಡವರಿಸಿದಳು. ತಾನು ಬರೆದದ್ದನ್ನು ತಾನೇ ಓದಲಾರದೆ, ನೆನಪಿನಿಂದ ಒಂದಷ್ಟು ಹೇಳಿ ನಿಲ್ಲಿಸಿದಳು. "ಓಗ್ಲಿ ಬುಡು, ಮಗ ಉಣ್ಲಿ ಮೊದ್ಲು" ಎಂದು ಗೌರಮ್ಮ ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟರು. ಅವರು ಬೈದಿದ್ದರೆ ಆ ಮುದ್ದೆ ಸಲೀಸಾಗಿ ಇಳಿಯುತ್ತಿತ್ತು.

ಮರುದಿನ ಪುಟವನ್ನು ಮೇಡಂ ಮುಂದಿಟ್ಟೆ. ಅವರು ಅದನ್ನು ಮೇಜಿನ ಆಚೆ ನಿಲ್ಲಿಸಿ, "ಕಣ್ಣು ಮುಚ್ಚಿ ತೆಗಿ. ಮೊದಲು ಏನು ಕಾಣಿಸ್ತು?" ಎಂದರು.

"ಹೂವಿನ ಅಂಚು, ಮೇಡಂ."

"ಲೇಖನ ಹೂವಿನ ಮೇಲೆ ಬರೆದಿದ್ದಾಳಾ?"

ಅಷ್ಟೇ ಕೇಳಿ ಅವರು ತರಗತಿಗೆ ಹೋದರು. ನಾನು ಗ್ರಂಥಾಲಯಕ್ಕೆ ಹೋಗಿ ಅಲ್ಲಿದ್ದ ಪತ್ರಿಕೆಗಳನ್ನೆಲ್ಲ ಹರವಿಕೊಂಡು ಕೂತೆ. ಅಷ್ಟು ದಿನ ಓದುತ್ತಿದ್ದ ಪತ್ರಿಕೆಗಳನ್ನು ಅವತ್ತು ಮೊದಲ ಸಲ ನೋಡಿದೆ. ಅಂಚಿನಲ್ಲಿ ಬಿಟ್ಟ ಬಿಳಿ ಜಾಗವನ್ನು ಅಡಿಪಟ್ಟಿಯಿಟ್ಟು ಅಳೆದೆ. ಎಲ್ಲ ಪುಟಗಳಲ್ಲೂ ಸಾಲುಗಳು ಒಂದೇ ಕಡೆಯಿಂದ ಶುರುವಾಗುತ್ತಿದ್ದವು. ಶೀರ್ಷಿಕೆ ದೊಡ್ಡದಾಗಿ ಕಾಣುವುದಕ್ಕೆ ಸುತ್ತಲಿನದು ಸುಮ್ಮನಿದ್ದದ್ದೇ ಕಾರಣವೆಂದು ಹೊಳೆಯಿತು. ನನ್ನ ಪುಟಗಳಲ್ಲಿ ಯಾವುದೂ ಸುಮ್ಮನಿರಲಿಲ್ಲ. ಬಂದವರಿಗೆ ಮಾತಾಡಲು ಬಿಡದೆ ತಾನೇ ವಟಗುಟ್ಟುವ ಮನೆಯಾಕೆಯಂತೆ, ಬರೆದವರಿಗಿಂತ ಮುಂದೆ ನಾನೇ ನಿಂತಿದ್ದೆ.

ತಿದ್ದಲು ಕೂತಾಗ ನಿಜವಾದ ಕಷ್ಟ ಎದುರಾಯಿತು. ಅಂಚು ಕಿತ್ತೆ, ನೆರಳು ಅಳಿಸಿದೆ. ಪ್ರಾಂಶುಪಾಲರ ಪ್ರಭೆಯನ್ನು ತೆಗೆದಾಗ ಅವರೇ ಕರೆಸಿ, "ಹಿಂದೆ ಏನೋ ಬೆಳಕು ಇತ್ತಲ್ಲಮ್ಮ" ಎಂದು ಮೆಲ್ಲಗೆ ಕೇಳಿದ್ದರಿಂದ ಒಂಚೂರು ಉಳಿಸಿಕೊಟ್ಟೆ. ಆದರೆ ಗೌರಮ್ಮನ ಮುಖದ ಮೇಲಿನ ಇರುವೆಗಳನ್ನು ಎಲ್ಲಿಗೆ ಕಳಿಸುವುದು? ಫೋಟೋಕ್ಕೆ ಒಂದು ಪುಟ, ಲೇಖನಕ್ಕೆ ಒಂದು ಪುಟ ಬೇಕಿತ್ತು. ಪುಟ ಹೆಚ್ಚಿಸುವಂತಿಲ್ಲ ಎಂದು ಮುದ್ರಣಾಲಯದವರು ಮೊದಲೇ ಹೇಳಿದ್ದರು. ಪಕ್ಕದ ಪುಟದಲ್ಲಿ ನನ್ನ ಕವನವಿತ್ತು, ನವಿಲುಗಳ ಸಮೇತ.

ಒಂದು ಮಧ್ಯಾಹ್ನವೆಲ್ಲ ಕವನವನ್ನು ಕುಗ್ಗಿಸಿ ನೋಡಿದೆ, ಕೊನೆಯ ಪುಟದ ಮೂಲೆಗೆ ತುರುಕಿ ನೋಡಿದೆ. ಕಂಪ್ಯೂಟರ್ ಕೋಣೆಗೆ ಬಂದ ಭಾಗ್ಯ ಹಿಂದೆ ನಿಂತು ನೋಡುತ್ತಿದ್ದು, "ಇರ್ಲಿ ಬುಡೇ, ನಿನ್ ಪದ್ಯ ತೆಗೀಬ್ಯಾಡ. ನಮ್ಮವ್ವಂದು ಸಣ್ಣದಾಗೇ ಇರ್ಲಿ" ಎಂದಳು. ಅವಳು ಹಾಗೆಂದ ಮೇಲೆ ಉಳಿಸಿಕೊಳ್ಳುವುದು ಸಾಧ್ಯವೇ ಇರಲಿಲ್ಲ. ಕವನ ಅಳಿಸಿದೆ. ಎಡಕ್ಕೆ ಗೌರಮ್ಮ, ಬಲಕ್ಕೆ ಬಿಳಿಯ ಮೇಲೆ ಕಪ್ಪು ಅಕ್ಷರ, ಸುತ್ತ ಧಾರಾಳ ಖಾಲಿ ಜಾಗ. ಮೂಲೆಯಲ್ಲೊಂದು ಪುಟ್ಟ ಹೂ ಇಡಲು ಕೈ ತುರಿಸಿತು. ಕೈಯನ್ನು ತೊಡೆಯ ಕೆಳಗಿಟ್ಟುಕೊಂಡು ಕೂತೆ.

ಸಂಚಿಕೆ ಬಂತು. ನನ್ನ ಕವನ ಎಲ್ಲಿ ಎಂದು ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ಮಾವ ಹಿಂದೆ ಮುಂದೆ ತಿರುಗಿಸಿ, "ಎಲ್ಲಾ ಬರೀ ಅಕ್ಸರವೇ ಅದಲ್ಲವ್ವ. ಇದ್ರಲ್ಲಿ ನೀನೇನ್ ಮಾಡ್ದೆ?" ಎಂದರು. ಭಾಗ್ಯನ ಜೊತೆ ಮತ್ತೆ ದೇವಲಾಪುರದ ಬಸ್ಸು ಹತ್ತಿದೆ. ಗೌರಮ್ಮ ಜಗಲಿಯ ಮೇಲೆ ಕೂತು, ತುಟಿ ಅಲುಗಿಸುತ್ತಾ, ಬೆರಳನ್ನು ಸಾಲಿನ ಕೆಳಗೆ ಸರಿಸುತ್ತಾ ಕೊನೆಯವರೆಗೂ ಓದಿದರು. ಓದಿ ಮುಗಿಸಿ ಮಗಳ ಕಡೆ ತಿರುಗಿ, "ಗಾಡಿ ಕಲಿವಾಗ ನಾನು ರಾಗಿ ಹೊಲಕ್ಕೆ ಬಿದ್ದಿದ್ದು ನಿಂಗೆ ಗೊತ್ತಿತ್ತಾ?" ಎಂದರು.

"ನೋಡ್ದೆ ಕಣವ್ವ. ನೀನು ಎದ್ದು ಯಾರಾರ ಕಂಡ್ರಾ ಅಂತ ಸುತ್ತ ನೋಡ್ದಲ್ಲ, ಅದ್ಕೆ ಅವಿತ್ಕಂಡೆ."

ಗೌರಮ್ಮ ಮಗಳ ತಲೆ ಸವರಿದರು. ಪುಟದ ಬಗ್ಗೆ ಇಬ್ಬರಿಗೂ ಯೋಚನೆಯೇ ಇರಲಿಲ್ಲ. ಇದೇ ನನ್ನ ಗೆಲುವು ಎಂದು ನನಗೆ ಚೆನ್ನಾಗಿ ಅರ್ಥವಾಗಿತ್ತು. ಆದರೂ ಅರ್ಧ ಗಂಟೆ ತಡೆದುಕೊಂಡಿದ್ದು ಕೊನೆಗೆ ಬಾಯಿ ಬಿಟ್ಟೆ. "ಅವ್ವಾ, ಇದನ್ನೆಲ್ಲ ಜೋಡಿಸಿದ್ದು ನಾನು. ಕೊನೇ ಪುಟದಲ್ಲಿ ನನ್ನ ಹೆಸರದೆ" ಎಂದು ತೆಗೆದು ತೋರಿಸಿದೆ. ಗೌರಮ್ಮ ಹತ್ತಿರ ಹಿಡಿದರು, ದೂರ ಹಿಡಿದರು. ಹೊಸದಾಗಿ ಬಂದ ವಿನಯದಲ್ಲಿ ಹೆಸರನ್ನು ನಾನು ಎಷ್ಟು ಸಣ್ಣದಾಗಿ ಹಾಕಿದ್ದೆನೆಂದರೆ, ಎಲ್ಲಿದೆ ಎಂದು ಬೆರಳಿಟ್ಟು ತೋರಿಸಹೋದ ನನಗೂ ಅದು ಸಿಗಲಿಲ್ಲ.