ತಪ್ಪು ಮಾಡಲು ಶಾಲೆಗೆ ಹೋದ ಮಾವ

ನನ್ನ ಸೋದರಮಾವ ಕನ್ನಡಿಯಲ್ಲಿ ಕಾಣುವವರನ್ನೂ ಗುರುತಿನ ಚೀಟಿ ಕೇಳುತ್ತಾರೆ ಎಂದು ನೆಂಟರು ಆಡಿಕೊಳ್ಳುತ್ತಾರೆ. ಇದು ಶುದ್ಧ ಅನ್ಯಾಯ! ಕನ್ನಡಿಯೊಳಗಿನ ಮನುಷ್ಯನ ಮೇಲೆ ಅವರಿಗೆ ಪೂರ್ತಿ ನಂಬಿಕೆಯಿದೆ. ಅನುಮಾನವಿರುವುದು ಕನ್ನಡಿಯ ಮೇಲೆ.

ಅವರಾದರೂ ಏನು ಮಾಡಿಯಾರು? ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಬೋಲ್ಟು, ನಟ್ಟುಗಳನ್ನು ತಪಾಸಣೆ ಮಾಡಿದವರು. ಎದುರಿಗೆ ಬಂದದ್ದರಲ್ಲಿ ಏನೋ ಒಂದು ದೋಷ ಇದ್ದೇ ಇದೆ, ಹುಡುಕಬೇಕು ಅಷ್ಟೆ ಎಂದು ನಂಬುವುದಕ್ಕೇ ಸಂಬಳ ಪಡೆದವರು. ನಿವೃತ್ತರಾದ ಮೇಲೆ ಬೋಲ್ಟು ಸಿಗದೆ ಹಾಲಿನವನು, ಗ್ಯಾಸ್ ಸಿಲಿಂಡರು, ಹವಾಮಾನ ವರದಿ, ಕೊನೆಗೆ ಮದುವೆಯ ಕರೆಯೋಲೆಗಳನ್ನೂ ತಪಾಸಣೆ ಮಾಡತೊಡಗಿದರು. ತಾವು ಮಾತ್ರ ಮದುವೆಯಾಗಲಿಲ್ಲ. ಯಾಕೆ ಅಂತೀರಾ? ಒಮ್ಮೆ ಎಲ್ಲ ರೀತಿಯಲ್ಲೂ ಒಪ್ಪುವ ಹುಡುಗಿ ಸಿಕ್ಕಿದ್ದಳಂತೆ. ಎಲ್ಲ ರೀತಿಯಲ್ಲೂ ಒಪ್ಪುತ್ತಾಳೆ ಎಂಬುದೇ ಅನುಮಾನಕ್ಕೆ ಎಡೆ ಮಾಡಿತಂತೆ!

ಇಂಥವರ ಬ್ಯಾಟರಾಯನಪುರದ ಮನೆಗೆ ಕಳೆದ ವರ್ಷ ದಾವಣಗೆರೆಯಿಂದ ನಾನೂ ನನ್ನ ಏಳು ವರ್ಷದ ಮಗಳು ಇಂಚರಳೂ ಬಂದು ಸೇರಿದೆವು. ನನಗೆ ಹೆಬ್ಬಾಳದ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಸಿಕ್ಕಿತ್ತು, ಗಂಡನಿಗೆ ಇನ್ನೂ ವರ್ಗಾವಣೆ ಸಿಕ್ಕಿರಲಿಲ್ಲ. ಹಾಗಾಗಿ ಇಂಚರಳನ್ನು ಹತ್ತಿರದ ಪ್ರಾಥಮಿಕ ಶಾಲೆಗೆ ಬಿಡುವುದು, ಕರೆತರುವುದು ಮಾವನ ಪಾಲಿಗೆ ಬಂತು.

ಸೇರಿಸಿದ ದಿನವೇ ಶಾಲೆಯವರು ಒಂದು ಫಾರಂ ಕೊಟ್ಟರು. ಮಗುವಿಗೆ ಏನು ಇಷ್ಟ? ಏನು ಕಂಡರೆ ಭಯ? ಮನೆಯವರಿಗೆ ಶಾಲೆಯಿಂದ ಯಾವ ಸಹಾಯ ಬೇಕು? ಮಾವ ಕನ್ನಡಕ ಏರಿಸಿ ಮೂರು ಸಲ ಓದಿದರು.

“ಸಹಾಯ ಬೇಕಾ ಅಂತ ಸ್ಕೂಲಿನವರು ಕೇಳ್ತಾರೇನೇ? ನಮ್ಮಪ್ಪನ್ನ ಸ್ಕೂಲಿಗೆ ಕರೆಸಿದ್ದು ಒಂದೇ ಸಲ. ಅವತ್ತು ನನ್ನ ಬೆನ್ನ ಮೇಲೆ ಮೂಡಿದ ಬಾಸುಂಡೆ ಎರಡು ವಾರ ಹೋಗ್ಲಿಲ್ಲ. ಇದರಲ್ಲೇನೋ ಇದೆ!”

‘ಮಗುವಿಗೆ ಏನು ಇಷ್ಟ’ ಎಂಬುದರ ಮುಂದೆ ಅವರು ಗುಂಡಗಿನ ಅಕ್ಷರದಲ್ಲಿ ಬರೆದರು: ‘ಸದ್ಯಕ್ಕೆ ತಿಳಿಸಲಾಗದು.’

ಆಮೇಲೆ ಶುರುವಾಯಿತು ಕಾವಲು. ಮಗುವನ್ನು ಒಳಗೆ ಬಿಟ್ಟ ಮೇಲೂ ಮಾವ ಮನೆಗೆ ಬರುತ್ತಿರಲಿಲ್ಲ. ಎದುರುಗಡೆಯ ಎಳನೀರಿನ ಗಾಡಿಯ ಮರೆಯಲ್ಲಿ ನಿಂತು ಗೇಟನ್ನೇ ನೋಡುತ್ತಿದ್ದರು. ನಾಲ್ಕನೆಯ ದಿನ ಮುಖ್ಯೋಪಾಧ್ಯಾಯಿನಿಯೇ ರಸ್ತೆ ದಾಟಿ ಬಂದರಂತೆ. “ಬಿಸಿಲಲ್ಲಿ ಯಾಕೆ ನಿಂತ್ಕೋತೀರ ಸಾರ್? ಮಕ್ಕಳನ್ನ ನೋಡ್ಕೊಳ್ಳೋರಿಗೆ ಅಂತಾನೇ ನಮ್ಮಲ್ಲೊಂದು ರೂಮಿದೆ. ಫ್ಯಾನ್ ಹಾಕಿದೆ, ಪೇಪರ್ ಬರುತ್ತೆ. ಬನ್ನಿ, ಕೂತ್ಕೊಳ್ಳಿ.”

ಸಂಜೆ ಮಾವ ಕೆಂಡವಾಗಿದ್ದರು. “ಒಳಗೆ ಕರೆದ್ರು ಕಣೇ! ಏನನ್ನೋ ಮುಚ್ಚಿಡ್ತಿದ್ದಾರೆ.”

“ಮುಚ್ಚಿಡೋರು ಒಳಗೆ ಕರೀತಾರಾ ಮಾವ?”

“ಅದೇ ಅವರ ಬುದ್ಧಿವಂತಿಕೆ!”

ಆದರೂ ತಪಾಸಣೆಗೆ ಬಂದ ಆಹ್ವಾನವನ್ನು ಬಿಡುವುದುಂಟೇ? ಮರುದಿನ ಒಳಗೆ ಹೋದರು. ಕಾಫಿ ಪುಕ್ಕಟೆ ಎಂದು ತಿಳಿದೊಡನೆ ಅನುಮಾನ ದುಪ್ಪಟ್ಟಾಗಿ, ಮನೆಯಿಂದಲೇ ಫ್ಲಾಸ್ಕ್ ಹೊತ್ತೊಯ್ಯತೊಡಗಿದರು. ಅಲ್ಲಿ ಮೊಮ್ಮಗನನ್ನು ಬಿಡಲು ಬರುತ್ತಿದ್ದ ತಣಿಸಂದ್ರದ ಅಜ್ಜಿಯೊಬ್ಬರಿದ್ದರು. ಹಿಂದೆ ದ್ರಾಕ್ಷಿ ತೋಟ ಮಾಡಿದವರು. ಒಂದು ದಿನ ತಡೆಯಲಾರದೆ ಅವರು ಕೇಳಿಯೇಬಿಟ್ಟರು:

“ಯಾಕಣ್ಣಾ, ಇಸ್ಕೂಲ್ ಕಾಪಿನ ಇಂಗ್ ನೋಡ್ತೀಯ? ನಾನೀಗ ಎಲ್ಡ್ ಲೋಟ ಕುಡ್ದೆ, ಬದುಕಿಲ್ವಾ? ತತ್ತಾ, ನಿಂದೆಂಗದೆ ನೋಡಾನ.”

ಮಾವ ಹೆಮ್ಮೆಯಿಂದ ಫ್ಲಾಸ್ಕಿನ ಕಾಫಿ ಬಗ್ಗಿಸಿ ಕೊಟ್ಟರು. ಅಜ್ಜಿ ಒಂದು ಗುಟುಕು ಕುಡಿದು ಮುಖ ಕಿವುಚಿದರು. “ಥೂ! ಅನುಮಾನ ಪಡ್ಬೇಕಾದ್ದು ಇದುನ್ನ!”

ಇಷ್ಟೆಲ್ಲ ನಗುತ್ತ ಹೇಳಿಕೊಳ್ಳಬಹುದು. ಆದರೆ ಮೂರನೆಯ ತಿಂಗಳಲ್ಲಿ ತರಗತಿಯ ಟೀಚರ್ ಮಾವನನ್ನು ಪಕ್ಕಕ್ಕೆ ಕರೆದು ಹೇಳಿದ ಮಾತು ನಗುವಂಥದ್ದಾಗಿರಲಿಲ್ಲ. ಇಂಚರ ಶಾಲೆಯಲ್ಲಿ ಇದುವರೆಗೆ ಒಂದೇ ಒಂದು ಮಾತೂ ಆಡಿಲ್ಲ. ಹಾಜರಿ ಕೂಗಿದರೆ ಕೈ ಎತ್ತುತ್ತಾಳೆ. ನೀರು ಬೇಕಾದರೆ ಬಾಟಲಿ ತೋರಿಸುತ್ತಾಳೆ. “ಮನೇಲಿ ಹೇಗಿರ್ತಾಳೆ ಸಾರ್?”

ನಂಬುತ್ತಾರೆಯೇ ನಮ್ಮ ಮಾವ? ಮನೆಯಲ್ಲಿ ಇಂಚರಳ ಬಾಯಿ ಮುಚ್ಚಿಸಲು ನಮಗೆ ಸಾಕುಬೇಕಾಗುತ್ತಿತ್ತು! “ಆ ಟೀಚರಮ್ಮ ಮೊದಲು ಕಿವಿ ತೋರಿಸ್ಕೊಳ್ಳಲಿ,” ಎಂದು ಗುಡುಗಿದರು. ನಾನು ಮಾತ್ರ ನಂಬಿದೆ. ಊರು ಬಿಡಿಸಿ ಕರೆತಂದವಳು ನಾನೇ ಅಲ್ಲವೇ?

ಟೀಚರ್ ಕೋಪಿಸಿಕೊಳ್ಳಲಿಲ್ಲ. “ನೀವೇ ಬಂದು ನೋಡಿ ಸಾರ್,” ಎಂದರು. ಮಾವ ಹೊರಗಿನ ಕಿಟಕಿಯ ಬಳಿ ಒಂದು ಗಂಟೆ ನಿಂತು ನೋಡಿದರು. ಪಕ್ಕದ ಹುಡುಗಿ ಇಂಚರಳ ಪೆನ್ಸಿಲ್ ಕಿತ್ತುಕೊಂಡಳು. ಇಂಚರ ಬಾಯಿ ತೆರೆದಳು, ದನಿ ಹೊರಡಲಿಲ್ಲ, ಮತ್ತೆ ಮುಚ್ಚಿಕೊಂಡಳು. ಅಂದು ಮನೆಗೆ ಬಂದ ಮಾವ ಯಾರ ಮೇಲೂ ಅನುಮಾನ ಪಡಲಿಲ್ಲ. ಊಟವನ್ನೂ ಮಾಡಲಿಲ್ಲ.

ಮರುದಿನ ತಾವೇ ಟೀಚರ್ ಹತ್ತಿರ ಹೋಗಿ, ಮನೆಯ ಗುಟ್ಟನ್ನೆಲ್ಲ ಬಿಚ್ಚಿಟ್ಟರು. ಅವಳಿಗೆ ಹಲಸಿನ ಹಣ್ಣು ಇಷ್ಟ, ಮಿಕ್ಸಿ ಸದ್ದು ಕೇಳಿದರೆ ಭಯ. ಎಲ್ಲಕ್ಕಿಂತ ಇಷ್ಟವಾದದ್ದು ತಾತನ, ಎಂದರೆ ತಮ್ಮ, ತಪ್ಪು ಹಿಡಿಯುವುದು. “ನಾನು ಏಳು ಅಂದ್ರೆ ಅವಳು ಎಂಟು ಅಂತಾಳೆ,” ಅಂದರಂತೆ. ಟೀಚರ್, “ಹಾಗಾದ್ರೆ ಬುಧವಾರ ಬುಧವಾರ ನಮ್ಮ ಕ್ಲಾಸಿಗೆ ಬಂದು ಒಂದಷ್ಟು ತಪ್ಪು ಮಾಡ್ತೀರಾ ಸಾರ್?” ಎಂದು ಕೇಳಿದರಂತೆ.

“ಮೂವತ್ತು ವರ್ಷ ಒಂದು ತಪ್ಪು ಬೋಲ್ಟು ಹೊರಗೆ ಬಿಟ್ಟವನಲ್ಲ ನಾನು. ನನ್ನ ಹತ್ರ ತಪ್ಪು ಮಾಡಿ ಅಂತಾರಲ್ಲೇ!” ಎಂದು ಮಾವ ನನ್ನ ಮುಂದೆ ಗೋಳಾಡಿದರು. ಆದರೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟರು.

ಮೊದಲ ಬುಧವಾರ ಕಪ್ಪುಹಲಗೆಯ ಮೇಲೆ ‘ಆನೆ’ಯನ್ನು ‘ಆಣೆ’ ಎಂದು ಬರೆದರು. ಇಡೀ ತರಗತಿ ಕೂಗಿ ತಿದ್ದಿತು, ಇಂಚರಳೊಬ್ಬಳನ್ನು ಬಿಟ್ಟು. ಎರಡನೆಯ ಬುಧವಾರ ವಾರಕ್ಕೆ ಎಂಟು ದಿನವೆಂದರು. ಅವಳು ನಕ್ಕಳು, ಅಷ್ಟೆ. ಮೂರನೆಯ ಬುಧವಾರ ಅದೂ ಇಲ್ಲ. “ನನ್ನ ತಪ್ಪಿನಲ್ಲೇ ಏನೋ ದೋಷ ಇದೆ,” ಎಂದು ಮಾವ ಸಂಜೆಯೆಲ್ಲ ಶತಪಥ ತಿರುಗಿದರು.

ನಾಲ್ಕನೆಯ ಬುಧವಾರ ನಾನೂ ರಜೆ ಹಾಕಿ ಹೋಗಿದ್ದೆ. ಟೀಚರ್ ಮಕ್ಕಳಿಗೆ ಮೊದಲೇ ಹೇಳಿದ್ದರು: ಇವತ್ತು ಯಾರೂ ಅವಸರದಲ್ಲಿ ಕೂಗಬಾರದು, ಯಾರೂ ಯಾರ ಕಡೆಗೂ ತಿರುಗಿ ನೋಡಬಾರದು. ಮಾವ ನಲವತ್ತೆರಡರಲ್ಲಿ ಹದಿನೇಳು ಕಳೆದು ಮೂವತ್ತೈದು ಎಂದು ಬರೆದರು. ಕೆಳಗೆ ಎರಡು ಗೆರೆ ಬೇರೆ ಎಳೆದರು. ಮಕ್ಕಳೆಲ್ಲ ಹಲಗೆಯನ್ನೇ ನೋಡುತ್ತ ಕುಳಿತರು. ನಾನು ಕಣ್ಣು ಮುಚ್ಚಿಕೊಂಡೆ.

“ತಾತಾ, ತಪ್ಪು.”

ಸಣ್ಣ ದನಿ. ಆಮೇಲೆ ಸ್ವಲ್ಪ ಜೋರಾಗಿ, ಮನೆಯಲ್ಲಿ ಬೈಯುವ ಹಾಗೆಯೇ: “ಇಪ್ಪತ್ತೈದು! ಅಷ್ಟೂ ಗೊತ್ತಾಗಲ್ವಾ ನಿಂಗೆ?”

ಟೀಚರ್ ಏನೂ ಆಗದವರಂತೆ, “ಹೌದು ಇಂಚರ, ಇಪ್ಪತ್ತೈದು. ಸಾರ್, ತಿದ್ದಿ,” ಎಂದರು. ಅವರ ಕಣ್ಣು ಮಾತ್ರ ಒದ್ದೆಯಾಗಿತ್ತು. ಮಾವನಿಗೆ ತಿದ್ದಲು ಆಗಲಿಲ್ಲ. ಚಾಕ್‌ಪೀಸ್ ಹಿಡಿದುಕೊಂಡು ಹಾಗೇ ನಿಂತಿದ್ದರು.

ಹೊರಗೆ ಬಂದ ಮೇಲೆ ಮುಖ್ಯೋಪಾಧ್ಯಾಯಿನಿಯನ್ನು ಕೇಳಿದರು, ಆಯಾಳನ್ನು ಕೇಳಿದರು, ವರಾಂಡದಲ್ಲಿದ್ದ ತಣಿಸಂದ್ರದ ಅಜ್ಜಿಯನ್ನೂ ಕೇಳಿದರು: “ನಿಮಗೂ ಕೇಳಿಸ್ತಾ?” ಎಲ್ಲರೂ ಹೌದೆಂದರು. ಅಷ್ಟಕ್ಕೂ ಸಮಾಧಾನವಿಲ್ಲ. ಶಾಲೆ ಬಿಟ್ಟ ಮೇಲೆ ಮನೆಗೆ ಬರುವ ದಾರಿಯಲ್ಲಿ, ನೋಯುವ ಮಂಡಿಯನ್ನು ಮಡಚಿ, ಫುಟ್‌ಪಾತಿನ ಮೇಲೆ ಮಗುವಿನ ಮುಂದೆ ಕುಳಿತರು.

“ಕಂದಾ, ನಾನು ತಪ್ಪು ಅಂತ ಇನ್ನೊಂದ್ಸಲ ಹೇಳು.”

ಅವಳು ಹೇಳಿದಳು.