ನನ್ನ ಹೆಸರು ನಾನೇ ಕೂಗಿದ್ದು

ತೊದಲುವವನು ಬಾಯಿ ತೆಗೆದ ಅಂದರೆ ಏನಾದರೊಂದು ಫಜೀತಿ ಆಗಲೇಬೇಕು. ಮಹಾರಾಜರ ಕಾಲದಲ್ಲಿ ನಾನು ಮಾಡಿದ ನೌಕರಿಯೋ, ದಿನಾ ಬಾಯಿ ತೆಗೆಯೋದೇ.

ಬಜೆ

ಚಿಕ್ಕವನಿದ್ದಾಗ ನಮ್ಮಜ್ಜಿ ಮಾತು ಸರಾಗವಾಗಲಿ ಅಂತ ಬಜೆ ಬೇರು ತೇಯ್ದು ನಾಲಗೆಗೆ ಸವರೋಳು. ಪಿರಿಯಾಪಟ್ಟಣದ ಡಾಕ್ಟರು ನಾಲಗೆ ಹಿಡಿದೆಳೆದು ನೋಡಿದರು. ಪಾಪ, ನಾಲಗೆ ಏನು ಮಾಡಿತ್ತು? ತೊಂದರೆ ತಲೆಯೊಳಗೆ. ಅಲ್ಲೊಬ್ಬ ಅಮಲ್ದಾರ ಕೂತಿದ್ದಾನೆ. ಮಾತು ಹೊರಡೋ ಮೊದಲೇ ತಡೆದು, ಇದರಲ್ಲಿ ತಪ್ಪಾಗುತ್ತೆ ಅಂತ ವಾಪಸ್ ಕಳಿಸ್ತಾನೆ. ನೀನು ತಡೆಯೋದೇ ತಪ್ಪು ಕಣಯ್ಯ ಅಂತ ಅವನಿಗೆ ಹೇಳೋರು ಯಾರು? ಎಮ್ಮೆ ಜೊತೆ ಮಾತಾಡುವಾಗ ಮಾತ್ರ ಅವನಿಗೆ ರಜಾ, ನನಗೆ ಸರಾಗ. ಇದನ್ನು ಕಂಡಿದ್ದ ಅಜ್ಜಿ ಡಾಕ್ಟರಿಗೆ ಹೇಳಿದಳು: "ಕಾಯ್ಲೆ ಏನೂ ಇಲ್ಲ ಬುಡಿ ಸಾಮಿ. ಇವುನ್ಗೆ ಮನ್ಸರ ಸಾವಾಸ ಆಗಾಕಿಲ್ಲ, ಅಷ್ಟೆ."

ನೇಮಕ

ನಮ್ಮಪ್ಪ ಹುಣಸೂರು ಕಡೆಯ ಒಂದು ಕೋರ್ಟಿನಲ್ಲಿ ಕಕ್ಷಿಗಾರರ ಹೆಸರು ಕೂಗುವ ಪೇದೆ. ಅವರು ತೀರಿಕೊಂಡ ಮೇಲೆ ಕೆಲಸ ನನಗೆ ಬಂತು. ಕಚೇರಿಯ ಹಿರೇ ಗುಮಾಸ್ತರು, ಅಂದರೆ ಸಿರಸ್ತೇದಾರರು, ನನ್ನ ಎತ್ತರ ಅಳೆದರು, ಎದೆ ಅಳೆದರು, ಅಪ್ಪನ ರುಮಾಲು ನನ್ನ ತಲೆಗೆ ಕೂರುತ್ತಾ ಅಂತ ನೋಡಿದರು. ಒಂದು ಮಾತು ಆಡಿಸಿ ನೋಡಬೇಕು ಅಂತ ಯಾರಿಗೂ ಹೊಳೆಯಲಿಲ್ಲ.

ಮೂರು ಕೂಗು

ಹೆಸರು ಮೂರು ಸಲ ಕೂಗಬೇಕು; ಅಷ್ಟರಲ್ಲಿ ಬಾರದವರ ಕೇಸು ವಜಾ. ಅಪ್ಪ ಮೂರನ್ನೂ ಒಂದೇ ಉಸಿರಿಗೆ ಮುಗಿಸೋರು. ನಾನು ಮೊದಲ ಅಕ್ಷರದಲ್ಲೇ ನಿಂತಿರುವಾಗ, ಹೋಟೆಲಲ್ಲಿದ್ದ ಬಿಳಿಕೆರೆಯ ಗೌಡರು ಕಾಫಿ ಪೂರ್ತಿ ಕುಡಿದು, ಮೀಸೆ ಒರೆಸಿಕೊಂಡು, ನಿಧಾನವಾಗಿ ನಡೆದು ಬರೋರು. ಸರಗೂರಿನ ಬಸ್ಸು ತಡವಾದರೂ ಯಾರ ಕೇಸೂ ಹೋಗಲಿಲ್ಲ. ಜನ ನನಗೆ ಬಾಳೆಗೊನೆ ತಂದುಕೊಡೋರು. ಎದುರು ಪಾರ್ಟಿ ಬಾರದೇ ಗೆದ್ದು ಅಭ್ಯಾಸವಾಗಿದ್ದ ವಕೀಲರೊಬ್ಬರು ಮಾತ್ರ, ಕೋರ್ಟಿನ ಘನತೆ ಹಾಳಾಯ್ತು, ಇವನನ್ನು ಕೆಲಸದಿಂದ ತೆಗೆಯಿರಿ ಅಂತ ಅರ್ಜಿ ಹಾಕಿದರು.

ನನ್ನ ವಿಚಾರಣೆ

ಕೆಲಸ ಹೋದರೆ ಮನೆಯಲ್ಲಿ ಒಲೆ ಹತ್ತೋದಿಲ್ಲ. ವಿಚಾರಣೆ ಶುರುವಾಗೋಕೆ ಆಪಾದಿತನ ಹೆಸರನ್ನೂ ಮೂರು ಸಲ ಕೂಗಬೇಕಲ್ಲ? ಕೂಗುವ ಪೇದೆ ನಾನೇ. ಎದುರಿಗೇ ಇದ್ದೀನಿ ಅಂತ ಕೈಮುಗಿದು ತೋರಿಸಿದೆ. ಸಿರಸ್ತೇದಾರರು ಒಪ್ಪಲಿಲ್ಲ. "ಕೂಗದೆ ಬಂದವನು ಬಂದ ಹಾಗಲ್ಲ. ಹೋಗಿ ಕೂಗಪ್ಪಾ."

ತೊದಲುವವನಿಗೆ ಎಲ್ಲಕ್ಕಿಂತ ಕಷ್ಟ ಸ್ವಂತ ಹೆಸರು. ಒಳಗಿನ ಅಮಲ್ದಾರ ಅದಕ್ಕೆ ಬಾಗಿಲೇ ಹಾಕಿಬಿಡ್ತಾನೆ. ಜಗುಲಿಗೆ ಹೋಗಿ ನಿಂತೆ. ಮೊದಲ ಕೂಗು ಮುಗಿಯೋ ಹೊತ್ತಿಗೆ ಊಟದ ವೇಳೆ, ಎರಡನೆಯದಕ್ಕೆ ಸಂಜೆ. ಜಡ್ಜಿ ಸಾಹೇಬರು ವಿಚಾರಣೆ ಮುಂದಕ್ಕೆ ಹಾಕಿ ಎದ್ದರು.

ಮುಂದಿನ ತಾರೀಖಿಗೆ ಮತ್ತೆ ಮೊದಲ ಕೂಗಿನಿಂದ ಶುರು, ಅದರ ಮುಂದಿನದಕ್ಕೂ ಅದೇ. ನಾನು ಪಿಂಚಣಿ ತಗೊಂಡು ಮನೆಗೆ ಹೋದ ದಿನವೂ ಆ ಕೇಸು ಬಾಕಿ ಇತ್ತು. ಮೂರನೇ ಕೂಗು ಇನ್ನೂ ಆಗಿರಲಿಲ್ಲ.